ಒಂದೇ ಎದೆಯಲ್ಲಿ ಹೋಮರ್ ಮತ್ತು ಮೋಶೆ

ಕ್ರಿಸ್ತಶಕ 4ನೇ ಶತಮಾನದ ಜೆರೋಮ್ ಎಂಬ ವಿದ್ವಾಂಸ ಮನೆ, ಬಂಧುಬಳಗ, ಹೊಟ್ಟೆತುಂಬ ಊಟ ಎಲ್ಲವನ್ನೂ ತೊರೆದು ತಪಸ್ಸಿಗೆಂದು ಜೆರುಸಲೇಮಿನ ದಿಕ್ಕಿಗೆ ಹೊರಟವನು. ರೋಮಿನಲ್ಲಿ ಜತನದಿಂದ ಕೂಡಿಟ್ಟ ಪುಸ್ತಕಗಳನ್ನು ಮಾತ್ರ ತೊರೆಯಲಾಗಲಿಲ್ಲ. ಉಪವಾಸ ಮಾಡಿ ಸಿಸೆರೋನನ್ನು ಓದುತ್ತಿದ್ದ. ರಾತ್ರಿಯೆಲ್ಲ ಪಾಪ ನೆನೆದು ಅತ್ತ ಮೇಲೆ ಪ್ಲಾಟಸ್‌ನ ನಾಟಕ ಕೈಗೆತ್ತಿಕೊಳ್ಳುತ್ತಿದ್ದ. ನಡುವೆ ಬೈಬಲ್ಲಿನ ಪ್ರವಾದಿಗಳ ಗ್ರಂಥ ತೆರೆದರೆ ಆ ಭಾಷೆ ಅವನಿಗೆ ಒರಟೊರಟಾಗಿ ಕೇಳುತ್ತಿತ್ತು. ಹೀಗಿರುವಾಗ ಜ್ವರ ಬಂದು ಸಾಯುವ ಸ್ಥಿತಿಗೆ ತಲುಪಿದ, ಆಗೊಂದು ಕನಸು. ದೇವರ ನ್ಯಾಯಪೀಠದ ಮುಂದೆ ಅವನನ್ನು ಎಳೆದು ತಂದು ನೀನು ಯಾರೆಂದು ಕೇಳುತ್ತಾರೆ. ಕ್ರೈಸ್ತ ಎಂದು ಅವನ ಉತ್ತರ. ಸುಳ್ಳು ಹೇಳಬೇಡ, ನೀನು ಸಿಸೆರೋನ ಕಡೆಯವನು ಎಂಬ ತೀರ್ಪು ಬಂದು ಚಾಟಿಯೇಟು ಬೀಳುತ್ತದೆ. ಇನ್ನು ಆ ಪುಸ್ತಕಗಳನ್ನು ಮುಟ್ಟುವುದಿಲ್ಲ ಎಂದು ಅವನು ಆಣೆಯಿಟ್ಟು ಬಿಡಿಸಿಕೊಳ್ಳುತ್ತಾನೆ. 384ರಲ್ಲಿ ಬರೆದ ಒಂದು ಪತ್ರದಲ್ಲಿ ಈ ಕನಸನ್ನು ಅವನೇ ಹೇಳಿಕೊಂಡಿದ್ದಾನೆ.

ಮುಂದೆ ಇದೇ ಜೆರೋಮ್ ಬೆತ್ಲೆಹೇಮಿನಲ್ಲಿ ಕುಳಿತು ಹೀಬ್ರೂ ಕಲಿತ ಬಲದಿಂದ ಹಳೆ ಒಡಂಬಡಿಕೆಯನ್ನು ಲ್ಯಾಟಿನ್ನಿಗೆ ತಂದ. ಸಾವಿರ ವರ್ಷಕ್ಕೂ ಹೆಚ್ಚು ಕಾಲ ಪಶ್ಚಿಮ ಯುರೋಪಿನ ಬೈಬಲ್ ಅದೇ. ಆದರೆ ಆಣೆ ಉಳಿಯಿತೇ? ಅವನ ಬರವಣಿಗೆಯಲ್ಲಿ ಹಳೆಯ ಕವಿಗಳು ಮತ್ತೆ ಮತ್ತೆ ಇಣುಕುತ್ತಾರೆ. ಹಳೆಯ ಗೆಳೆಯ ರುಫೈನಸ್ ಅವನ ಮೇಲೆ ತಿರುಗಿಬಿದ್ದಾಗ ಎತ್ತಿದ ಆರೋಪಗಳಲ್ಲಿ ಇದೂ ಒಂದು.

ಅದೇ ಕಾಲದ ಅಗಸ್ಟೀನನ ಕಥೆಯೂ ಇದಕ್ಕೆ ದೂರವಲ್ಲ. ಉತ್ತರ ಆಫ್ರಿಕದ ಶಾಲೆಯಲ್ಲಿ ಓದುತ್ತಿದ್ದ ಹುಡುಗ ವರ್ಜಿಲನ ‘ಈನಿಯಡ್’ ಕಾವ್ಯದ ಡೈಡೋ ರಾಣಿಗಾಗಿ ಅತ್ತಿದ್ದ. ಪ್ರಿಯಕರ ಈನಿಯಾಸ ಹಡಗು ಹತ್ತಿ ಹೊರಟುಹೋದಾಗ ಕತ್ತಿಗೆ ಎದೆಯೊಡ್ಡಿದ ರಾಣಿ ಅವಳು. ದೊಡ್ಡವನಾಗಿ, ಬಿಷಪ್ಪನಾಗಿ, ಆತ್ಮಕಥೆ ಬರೆಯುವಾಗ ಅಗಸ್ಟೀನ್ ಆ ಕಣ್ಣೀರನ್ನು ಪಾಪವೆಂದು ಒಪ್ಪಿಕೊಳ್ಳುತ್ತಾನೆ: ದೇವರಿಂದ ದೂರವಾಗಿ ತಾನೇ ಸಾಯುತ್ತಿದ್ದುದಕ್ಕೆ ಒಂದು ಹನಿಯೂ ಬರಲಿಲ್ಲ, ಡೈಡೋ ಸತ್ತಳೆಂದು ಅತ್ತೆ ಎಂದು ಕೊರಗುತ್ತಾನೆ. ಆ ಕೊರಗಿನ ಪುಟ ಓದಿದವರಿಗೆ ಕಾಣುವುದು ಇನ್ನೊಂದು. ನಲವತ್ತು ದಾಟಿದ ಮೇಲೂ ಡೈಡೋ ಅವನನ್ನು ಬಿಟ್ಟಿರಲಿಲ್ಲ.

ಪಾಶ್ಚಾತ್ಯ ಸಾಹಿತ್ಯಕ್ಕೆ ಗ್ರೀಕ್-ರೋಮನ್ ಕೃತಿಗಳು ಒಂದು ಮೂಲ, ಬೈಬಲ್ ಇನ್ನೊಂದು ಮೂಲ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಎರಡು ಹೊಳೆ ಸಂಗಮವಾಗಿ ಒಂದು ನದಿಯಾಯಿತು ಎಂಬ ಭಾವನೆ ಅದರಿಂದ ಬರುತ್ತದೆ. ನನಗೆ ಹಾಗೆ ಕಾಣುವುದಿಲ್ಲ. ಇವೆರಡೂ ಎಂದೂ ಪೂರ್ತಿ ಬೆರೆಯಲಿಲ್ಲ. ನಂಬಿಕೆ ಒಂದು ಕಡೆ, ಒಲವು ಇನ್ನೊಂದು ಕಡೆ ಎಳೆದಾಗ ಎರಡನ್ನೂ ಬಿಡಲಾಗದ ಬರಹಗಾರರ ಸಂಕಟದಿಂದಲೇ ಅಲ್ಲಿನ ಅತಿ ದೊಡ್ಡ ಕೃತಿಗಳು ಹುಟ್ಟಿವೆ.

ಎರಡರ ಕಥೆ ಹೇಳುವ ರೀತಿಯೇ ಬೇರೆ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ತೋರಿಸಿದವನು ಎರಿಕ್ ಔರ್‌ಬಾಖ್. ಜರ್ಮನಿಯ ಯೆಹೂದಿ. ನಾತ್ಸಿ ಆಡಳಿತದಲ್ಲಿ 1935ರಲ್ಲಿ ಮಾರ್‌ಬುರ್ಗ್ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡು ಇಸ್ತಾಂಬುಲ್ಲಿಗೆ ಹೋದ. ಯುದ್ಧ ನಡೆಯುತ್ತಿದ್ದ 1942ರಿಂದ 1945ರ ನಡುವೆ ಅಲ್ಲಿಯೇ ‘ಮಿಮೆಸಿಸ್’ ಬರೆದ. ಅದರ ಮೊದಲ ಅಧ್ಯಾಯ ಎರಡು ಪ್ರಸಂಗಗಳನ್ನು ಎದುರುಬದುರಾಗಿ ಇಡುತ್ತದೆ.

ಮೊದಲನೆಯದು ಹೋಮರನ ‘ಒಡಿಸ್ಸಿ’ಯ 19ನೇ ಸರ್ಗದ್ದು. ಇಪ್ಪತ್ತು ವರ್ಷಗಳ ಬಳಿಕ ಭಿಕ್ಷುಕನ ವೇಷದಲ್ಲಿ ಮನೆಗೆ ಬಂದ ಒಡಿಸ್ಯೂಸನ ಕಾಲು ತೊಳೆಯುವ ಮುದಿ ದಾದಿ, ತೊಡೆಯ ಮೇಲಿನ ಹಳೆಯ ಗಾಯದ ಕಲೆ ಮುಟ್ಟಿ ಅವನ ಗುರುತು ಹಿಡಿಯುತ್ತಾಳೆ. ಕೈ ಸಡಿಲಾಗಿ ಕಾಲು ಪಾತ್ರೆಗೆ ಬಿದ್ದು ನೀರು ಚೆಲ್ಲುತ್ತದೆ. ಈ ನಡುವೆ ಹೋಮರ್ ಕಥೆ ನಿಲ್ಲಿಸಿ, ಆ ಗಾಯ ಆದದ್ದು ಹೇಗೆ, ಯಾವ ಬೆಟ್ಟದಲ್ಲಿ, ಯಾವ ಕಾಡುಹಂದಿಯ ಬೇಟೆಯಲ್ಲಿ ಎಂದು ವಿವರವಾಗಿ ಹೇಳುತ್ತಾನೆ. ಅವಸರವಿಲ್ಲ. ಎಲ್ಲವೂ ಹಗಲ ಬೆಳಕಿನಲ್ಲಿ ಕಾಣುತ್ತದೆ.

ಎರಡನೆಯದು ಆದಿಕಾಂಡದ 22ನೇ ಅಧ್ಯಾಯ. ದೇವರು ಅಬ್ರಹಾಮನನ್ನು ಕರೆದು ಮಗ ಇಸಾಕನನ್ನು ಬಲಿಕೊಡಲು ಹೇಳುತ್ತಾನೆ. ತಂದೆ ನಸುಕಿನಲ್ಲೆದ್ದು ಕತ್ತೆಗೆ ತಡಿ ಹಾಕಿ, ಕಟ್ಟಿಗೆ ಸೀಳಿ, ಮಗನನ್ನು ಕರೆದುಕೊಂಡು ಹೊರಡುತ್ತಾನೆ. ಮೂರನೆಯ ದಿನ ಮೊರೀಯದ ಬೆಟ್ಟ ದೂರದಲ್ಲಿ ಕಾಣುತ್ತದೆ. ಆ ದಿನಗಳಲ್ಲಿ ಅವನು ಏನು ಯೋಚಿಸಿದ? ತಾಯಿ ಸಾರಳಿಗೆ ಏನು ಹೇಳಿ ಬಂದ? ದಾರಿ ಹೇಗಿತ್ತು? ಒಂದು ಮಾತೂ ಇಲ್ಲ. ಬಲಿಗೆ ಕುರಿಮರಿ ಎಲ್ಲಿ ಎಂದು ಹುಡುಗ ಕೇಳುತ್ತಾನೆ, ದೇವರೇ ಒದಗಿಸುವನು ಎಂದು ತಂದೆ ಹೇಳುತ್ತಾನೆ, ಇಬ್ಬರೂ ಜೊತೆಯಾಗಿ ಮುಂದೆ ನಡೆಯುತ್ತಾರೆ. ಹೇಳದೆ ಬಿಟ್ಟದ್ದು ಹೇಳಿದ್ದಕ್ಕಿಂತ ಭಾರವಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೀರ್ಕೆಗಾರ್ಡ್ ಒಂದು ಇಡೀ ಪುಸ್ತಕ ಬರೆದದ್ದು ಈ ಮೌನದ ಮೇಲೆಯೇ.

ಔರ್‌ಬಾಖನ ಗೆರೆ ತುಸು ಹೆಚ್ಚು ನೇರವಾಯಿತು ಎಂದು ನನಗೆ ಅನ್ನಿಸುತ್ತದೆ. ಬೈಬಲ್ಲಿನಲ್ಲೇ ಇರುವ ಪರಮಗೀತೆಯಲ್ಲಿ ದೇಹದ, ಹಣ್ಣಿನ, ಸುಗಂಧದ ವಿವರ ತುಂಬಿ ತುಳುಕುತ್ತದೆ. ಹೋಮರನಿಗೂ ಮೌನ ಗೊತ್ತು. ಒಡಿಸ್ಯೂಸ ಸತ್ತವರ ಲೋಕಕ್ಕೆ ಹೋದಾಗ ಅಲ್ಲಿ ಏಜಾಕ್ಸನ ಆತ್ಮ ನಿಂತಿರುತ್ತದೆ. ಅಕಿಲೀಸನ ಆಯುಧಗಳು ತನಗೆ ಸಿಗದೆ ಒಡಿಸ್ಯೂಸನ ಪಾಲಾದ ಅವಮಾನಕ್ಕೆ ಪ್ರಾಣ ಬಿಟ್ಟ ವೀರ ಅವನು. ಒಡಿಸ್ಯೂಸ ಎಷ್ಟು ಬೇಡಿಕೊಂಡರೂ ಅವನು ಮಾತಾಡದೆ ತಿರುಗಿ ನಡೆದುಬಿಡುತ್ತಾನೆ. ವರ್ಜಿಲ್ ಇದನ್ನೇ ಎತ್ತಿಕೊಂಡು, ಪಾತಾಳದಲ್ಲಿ ಈನಿಯಾಸನ ಎದುರು ಡೈಡೋಳನ್ನು ಹಾಗೆ ಮೌನವಾಗಿ ನಡೆಸಿದ. ಆದರೂ ಒಟ್ಟಿನಲ್ಲಿ ಔರ್‌ಬಾಖ್ ಹೇಳಿದ್ದು ನಿಲ್ಲುತ್ತದೆ. ಗ್ರೀಕರು ಕಾಣುವುದನ್ನು ಕಾಣಿಸಿದರು. ಹೀಬ್ರೂ ಕಥೆಗಾರರು ಕಾಣದ್ದನ್ನು ಓದುಗನ ಎದೆಯ ಮೇಲೆ ಹೇರಿದರು.

ಹೊಸ ಧರ್ಮ ಗೆದ್ದ ಮೇಲೆ ಹಳೆಯ ದೇವತೆಗಳ ಕಾವ್ಯ ಅಳಿಯಬೇಕಿತ್ತಲ್ಲ? ಅಳಿಯದಿರಲು ತೀರ ವ್ಯಾವಹಾರಿಕ ಕಾರಣವೊಂದಿತ್ತು. ಲ್ಯಾಟಿನ್ ವ್ಯಾಕರಣ ಕಲಿಸುತ್ತಿದ್ದುದು ವರ್ಜಿಲನ ಕಾವ್ಯದಿಂದ. ವ್ಯಾಕರಣ ಬಾರದವನಿಗೆ ಲ್ಯಾಟಿನ್ ಬೈಬಲ್ ಓದಲು ಬಾರದು. ಅಗಸ್ಟೀನ್ ಇದಕ್ಕೆ ಬೈಬಲ್ಲಿನಿಂದಲೇ ಒಂದು ಸಮರ್ಥನೆ ಹುಡುಕಿದ: ಇಸ್ರಾಯೇಲರು ಐಗುಪ್ತದಿಂದ ಬಿಡುಗಡೆಯಾಗಿ ಹೊರಟಾಗ ಅಲ್ಲಿನವರ ಬೆಳ್ಳಿಬಂಗಾರ ತಂದರಲ್ಲವೇ, ಕ್ರೈಸ್ತರೂ ಹಾಗೆಯೇ ಅನ್ಯರ ವಿದ್ಯೆಯಲ್ಲಿ ಒಳ್ಳೆಯದನ್ನು ತಂದುಕೊಳ್ಳಬಹುದು. ಈ ಒಂದು ವಾದದ ನೆರಳಿನಲ್ಲಿ ಮಠಗಳ ಸನ್ಯಾಸಿಗಳು ಕೀರ್ತನೆಗಳ ಜೊತೆಗೆ ಓವಿಡನ ಪ್ರೇಮಕಥೆಗಳನ್ನೂ ಪ್ರತಿ ಮಾಡಿದರು. ಇಂದು ನಮಗೆ ಸಿಗುವ ಲ್ಯಾಟಿನ್ ಕಾವ್ಯದ ಬಹುಪಾಲು ಉಳಿದದ್ದು ಅವರ ಕೈಯಿಂದ.

ಹಾಗೆ ನೋಡಿದರೆ ಮುಖಾಮುಖಿ ಬೈಬಲ್ಲಿನ ಒಳಗೇ ಶುರುವಾಗಿತ್ತು. ಕ್ರಿಸ್ತಪೂರ್ವ 3ನೇ ಶತಮಾನದಿಂದಲೇ ಅಲೆಕ್ಸಾಂಡ್ರಿಯದ ಯೆಹೂದಿಗಳು ತಮ್ಮ ಗ್ರಂಥಗಳನ್ನು ಗ್ರೀಕಿಗೆ ತರತೊಡಗಿದ್ದರು. ಹೊಸ ಒಡಂಬಡಿಕೆ ಬರೆದದ್ದೇ ಗ್ರೀಕಿನಲ್ಲಿ. ಅಪೊಸ್ತಲರ ಕೃತ್ಯಗಳ 17ನೇ ಅಧ್ಯಾಯದಲ್ಲಿ ಪೌಲ ಅಥೆನ್ಸಿನ ಅರಿಯೊಪಾಗದಲ್ಲಿ ನಿಂತು ಮಾತಾಡುವಾಗ, ಆ ಊರಿನ ಪಂಡಿತರಿಗೆ ತಟ್ಟಲೆಂದು ಅರಾಟಸ್ ಎಂಬ ಗ್ರೀಕ್ ಕವಿಯ ಮಾತನ್ನು ಬಳಸುತ್ತಾನೆ. ಅರಾಟಸ್ ಆ ಮಾತು ಬರೆದದ್ದು ಸ್ಯೂಸ್ ದೇವನ ಬಗ್ಗೆ! ಪೌಲ ಅದನ್ನು ತನ್ನ ದೇವರ ಕಡೆ ತಿರುಗಿಸಿಕೊಂಡ. ಮುಂದಿನ ಎರಡು ಸಾವಿರ ವರ್ಷ ಕವಿಗಳು ಮಾಡಿದ ಕೆಲಸದ ಮೊಳಕೆ ಇಲ್ಲಿದೆ.

ಈ ಸಂಕಟ ಪೂರ್ಣವಾಗಿ ಮಾತಾದದ್ದು ಡಾಂಟೆಯಲ್ಲಿ. 1302ರಲ್ಲಿ ಫ್ಲಾರೆನ್ಸಿನಿಂದ ಗಡಿಪಾರಾಗಿ, ಮತ್ತೆಂದೂ ಊರು ಕಾಣದೆ 1321ರಲ್ಲಿ ಸತ್ತ ಕವಿ. ಅವನ ‘ಡಿವೈನ್ ಕಾಮಿಡಿ’ ನರಕ, ಶುದ್ಧೀಕರಣದ ಬೆಟ್ಟ, ಸ್ವರ್ಗಗಳ ಯಾತ್ರೆ. ಹೊರಡುವ ಮೊದಲೇ ಅವನಿಗೆ ಅಳುಕು. ತನಗಿಂತ ಮುಂಚೆ ಜೀವಂತ ಪರಲೋಕ ಕಂಡವರು ಇಬ್ಬರು: ಪಾತಾಳಕ್ಕೆ ಇಳಿದ ಈನಿಯಾಸ, ಮೂರನೆಯ ಆಕಾಶಕ್ಕೆ ಒಯ್ಯಲ್ಪಟ್ಟ ಪೌಲ. ತಾನು ಇಬ್ಬರಲ್ಲಿ ಯಾರೂ ಅಲ್ಲವಲ್ಲ ಎಂದು ಹಿಂಜರಿಯುತ್ತಾನೆ. ರೋಮಿನ ವೀರನನ್ನೂ ಕ್ರಿಸ್ತನ ಅಪೊಸ್ತಲನನ್ನೂ ಒಂದೇ ಉಸಿರಿನಲ್ಲಿ ನೆನೆಯುವ ಈ ಧೈರ್ಯ ಕಾವ್ಯದ ಉದ್ದಕ್ಕೂ ಹರಡಿದೆ. ಡಾಂಟೆಯ ಕ್ರೈಸ್ತ ನರಕದಲ್ಲಿ ದೋಣಿ ನಡೆಸುವವನು ವರ್ಜಿಲನ ಕೇರಾನ್. ಪಾಪಿಗಳಿಗೆ ಜಾಗ ಗೊತ್ತುಮಾಡುವವನು ಮೈನೋಸ್. ಶುದ್ಧೀಕರಣದ ಬೆಟ್ಟದಲ್ಲಿ ಅಹಂಕಾರಿಗಳು ಬೆನ್ನ ಮೇಲೆ ಬಂಡೆ ಹೊತ್ತು ಬಾಗಿ ನಡೆಯುವ ದಾರಿಯ ನೆಲದಲ್ಲಿ ಅಹಂಕಾರ ಮುರಿದವರ ಚಿತ್ರಗಳಿವೆ: ಸೌಲ ಅರಸ, ಮಕ್ಕಳನ್ನು ಕಳೆದುಕೊಂಡ ನಯೋಬಿ, ಜೇಡವಾದ ಅರಾಕ್ನಿ, ಬೂದಿಯಾದ ಟ್ರಾಯ್. ಬೈಬಲ್ಲಿನದೊಂದು, ಪುರಾಣದ್ದೊಂದು ಎಂದು ಹೆಣೆದು ಕೂರಿಸಿದ್ದಾನೆ.

ದಾರಿ ತೋರಿಸುವ ಗುರು ವರ್ಜಿಲ್. ಕ್ರಿಸ್ತ ಹುಟ್ಟುವ ಮೊದಲೇ ಸತ್ತ ವರ್ಜಿಲ್ ನರಕದ ಮೊದಲ ಸುತ್ತಿನ ನಿವಾಸಿ. ಅಲ್ಲಿ ಹಿಂಸೆಯಿಲ್ಲ, ನಿಟ್ಟುಸಿರು ಮಾತ್ರ. ಹೋಮರ್, ಹೊರೇಸ್, ಓವಿಡ್, ಲ್ಯೂಕನ್ ಇರುವುದೂ ಅಲ್ಲೇ. ಅವರು ಡಾಂಟೆಯನ್ನು ತಮ್ಮ ಬಳಗದ ಆರನೆಯವನಾಗಿ ಸೇರಿಸಿಕೊಳ್ಳುತ್ತಾರೆ. ವರ್ಜಿಲ್ ಬರೆದ, ಒಂದು ಮಗುವಿನ ಜನನದಿಂದ ಹೊಸ ಯುಗ ಬರುವುದೆಂಬ ಕವಿತೆಯನ್ನು ಕ್ರೈಸ್ತರು ಕ್ರಿಸ್ತಜನನದ ಭವಿಷ್ಯವಾಣಿ ಎಂದು ಓದುತ್ತಿದ್ದರು. ಡಾಂಟೆಯ ಕಾವ್ಯದಲ್ಲಿ ಸ್ಟೇಷಿಯಸ್ ಎಂಬ ರೋಮನ್ ಕವಿ ತಾನು ಕ್ರೈಸ್ತನಾದದ್ದೇ ಆ ಕವಿತೆಯಿಂದ ಎನ್ನುತ್ತಾನೆ. ಬೆನ್ನ ಹಿಂದೆ ದೀಪ ಹಿಡಿದು ನಡೆದವನಂತೆ ವರ್ಜಿಲ್ ಹಿಂದೆ ಬಂದವರಿಗೆ ಬೆಳಕಾದ, ತಾನು ಕತ್ತಲಲ್ಲಿ ಉಳಿದ ಎಂಬುದು ಸ್ಟೇಷಿಯಸನ ಮಾತು.

ಬೆಟ್ಟದ ತುದಿಯಲ್ಲಿ, ಭೂಲೋಕದ ಸ್ವರ್ಗದಲ್ಲಿ, ಡಾಂಟೆಯ ಬಾಲ್ಯದ ಒಲವು ಬಿಯಾಟ್ರಿಸ್ ಎದುರು ಬರುತ್ತಾಳೆ. ಮೈ ನಡುಗುತ್ತದೆ. ಹೆದರಿದ ಮಗು ತಾಯಿಯತ್ತ ತಿರುಗುವಂತೆ ಅವನು ವರ್ಜಿಲನ ಕಡೆ ತಿರುಗುತ್ತಾನೆ. ಹಳೆಯ ಬೆಂಕಿಯ ಗುರುತು ಸಿಕ್ಕಿತು ಎಂದು ಅವನಿಗೆ ಹೇಳಬೇಕಾಗಿದೆ. ಅದು ವರ್ಜಿಲನ ಡೈಡೋ ಆಡಿದ ಮಾತು. ಆ ಮಾತು ಕೇಳಿಸಿಕೊಳ್ಳಲು ವರ್ಜಿಲ್ ಅಲ್ಲಿ ಇಲ್ಲ. ಹೇಳದೆ ಹೊರಟುಹೋಗಿದ್ದಾನೆ. ಡಾಂಟೆ ಅಳುತ್ತಾನೆ. ಸ್ವರ್ಗದ ಹೊಸ್ತಿಲಲ್ಲಿ, ತಾನು ನಂಬಿದ ದೇವರ ನ್ಯಾಯದ ಎದುರಿನಲ್ಲಿ, ಆ ನ್ಯಾಯ ಒಳಗೆ ಬಿಡದ ಗುರುವಿಗಾಗಿ ಅತ್ತ ಈ ಕವಿಯನ್ನು ಓದುವಾಗ ನನ್ನ ಗಂಟಲು ಕಟ್ಟುತ್ತದೆ. ಅಗಸ್ಟೀನ್ ಪಾಪವೆಂದ ಕಣ್ಣೀರು ಇಲ್ಲಿ ಕಾವ್ಯದ ಎತ್ತರದ ಗಳಿಗೆಯಾಗಿದೆ.

ಷೇಕ್ಸ್‌ಪಿಯರನಲ್ಲಿ ಈ ಸಂಕಟ ಕಾಣುವುದಿಲ್ಲ. ಅವನು ಎರಡನ್ನೂ ಹಗುರಾಗಿ ಬಳಸಿಕೊಂಡ. ‘ಟೆಂಪೆಸ್ಟ್’ ನಾಟಕದ ಪ್ರಾಸ್ಪೆರೊ ತನ್ನ ಮಂತ್ರವಿದ್ಯೆಗೆ ವಿದಾಯ ಹೇಳುವ ಮಾತು ಓವಿಡನ ಮೆಡಿಯಾ ಆಡಿದ್ದನ್ನು ಹತ್ತಿರದಿಂದ ಹಿಂಬಾಲಿಸುತ್ತದೆ. ‘ಮೆಷರ್ ಫಾರ್ ಮೆಷರ್’ ಎಂಬ ಹೆಸರು ಮತ್ತಾಯನ ಸುವಾರ್ತೆಯಿಂದ ಬಂದದ್ದು. ಅವನ ಕಾಲಕ್ಕೆ ಇಂಗ್ಲಿಷ್ ಗದ್ಯಕ್ಕೆ ಬೈಬಲ್ ಹೊಸ ಉಸಿರು ಕೊಟ್ಟಿತ್ತು. ಅದರ ಹಿಂದೆ ವಿಲಿಯಂ ಟಿಂಡೇಲನ ಪ್ರಾಣವಿದೆ. ನೇಗಿಲು ಹಿಡಿಯುವ ಹುಡುಗನಿಗೂ ತಿಳಿಯುವಂತೆ ಬೈಬಲ್ ತರಬೇಕೆಂದು ಹೊರಟು 1526ರಲ್ಲಿ ಹೊಸ ಒಡಂಬಡಿಕೆ ಅಚ್ಚು ಮಾಡಿಸಿದ ಅವನನ್ನು 1536ರಲ್ಲಿ ಕತ್ತು ಬಿಗಿದು ಕೊಂದು ಸುಟ್ಟರು. 1611ರ ಕಿಂಗ್ ಜೇಮ್ಸ್ ಬೈಬಲ್ಲಿನ ಎಷ್ಟೋ ವಾಕ್ಯಗಳು ಅವನವೇ.

ಮಿಲ್ಟನ್ ಬರುವ ಹೊತ್ತಿಗೆ ಸಂಕಟ ಮರಳುತ್ತದೆ. ಗ್ರೀಕ್, ಲ್ಯಾಟಿನ್, ಹೀಬ್ರೂ ಮೂರನ್ನೂ ಬಲ್ಲವನು. 1652ರ ಹೊತ್ತಿಗೆ ಪೂರ್ತಿ ಕುರುಡ. ಅವನು ಬೆಂಬಲಿಸಿದ ಗಣರಾಜ್ಯ 1660ರಲ್ಲಿ ಉರುಳಿ ಅರಸೊತ್ತಿಗೆ ಮರಳಿದಾಗ ಸೆರೆಮನೆಯನ್ನೂ ಕಂಡ. ಆದಿಕಾಂಡದ ಎರಡು-ಮೂರು ಪುಟದ ಆದಾಮ-ಹವ್ವರ ಕಥೆಯನ್ನು, ಇತರರಿಗೆ ಹೇಳಿ ಬರೆಸುತ್ತ, ಹತ್ತು ಸಾವಿರ ಸಾಲು ಮೀರಿದ ‘ಪ್ಯಾರಡೈಸ್ ಲಾಸ್ಟ್’ ಆಗಿ ಬೆಳೆಸಿದ. 1667ರ ಮೊದಲ ಮುದ್ರಣದಲ್ಲಿ ಹತ್ತು ಸರ್ಗ. 1674ರಲ್ಲಿ ಅದನ್ನು ಹನ್ನೆರಡು ಮಾಡಿದ. ‘ಈನಿಯಡ್’ಗೂ ಹನ್ನೆರಡೇ. ಕಾವ್ಯದೇವತೆಯ ಆವಾಹನೆ, ನಡುವಿನಿಂದ ಕಥೆಯ ಆರಂಭ, ಸೇನೆಗಳ ಪಟ್ಟಿ, ಉದ್ದುದ್ದ ಉಪಮೆಗಳು ಎಲ್ಲ ಹೋಮರ್-ವರ್ಜಿಲರ ಪದ್ಧತಿ. ಆವಾಹನೆಗೆ ಒಳಗಾದ ದೇವತೆ ಮಾತ್ರ ಸೀನಾಯಿ ಬೆಟ್ಟದಲ್ಲಿ ಮೋಶೆಗೆ ಸ್ಫೂರ್ತಿ ಕೊಟ್ಟವಳು. ಗ್ರೀಕ್ ವೀರನ ಎದೆಗಾರಿಕೆ, ವಾಕ್‌ಶಕ್ತಿ, ಸೋಲೊಪ್ಪದ ಛಲ ಎಲ್ಲವೂ ಹೋಗಿ ಸೇರಿದ್ದು ಸೈತಾನನಿಗೆ. ತನಗೆ ಪ್ರಿಯವಾದ ವೀರಕಾವ್ಯವನ್ನು ಅದೇ ಕಾವ್ಯರೂಪದಲ್ಲಿ ವಿಚಾರಣೆಗೆ ನಿಲ್ಲಿಸಿದ ಕವಿ ಅವನು.

ನನಗೆ ಹೆಚ್ಚು ಮುಖ್ಯವೆನಿಸುವುದು ಎರಡು ಚಿಕ್ಕ ಜಾಗಗಳು. ಒಂದು, ಮಲ್ಸಿಬರ್ ಎಂಬ ದೇವಶಿಲ್ಪಿಯನ್ನು ಜೋವ್ ದೇವ ಸಿಟ್ಟಿನಲ್ಲಿ ಸ್ವರ್ಗದಿಂದ ಎಸೆದ ಕಥೆ. ಬೇಸಿಗೆಯ ಒಂದು ಇಡೀ ದಿನ, ಬೆಳಗಿನಿಂದ ನಡುಹಗಲಿಗೆ, ನಡುಹಗಲಿನಿಂದ ಸಂಜೆಗೆ, ಅವನು ಬೀಳುತ್ತಲೇ ಇರುತ್ತಾನೆ. ಸೂರ್ಯ ಮುಳುಗುವಾಗ ನಕ್ಷತ್ರದಂತೆ ಲೆಮ್ನೋಸ್ ದ್ವೀಪಕ್ಕೆ ಬೀಳುತ್ತಾನೆ. ಇಷ್ಟು ಸೊಗಸಾಗಿ ಹೇಳಿ ಮುಗಿಸಿದ ಕೂಡಲೇ ಮಿಲ್ಟನ್ ಇದೆಲ್ಲ ತಪ್ಪು, ಅವನು ಬಿದ್ದದ್ದು ಬಹಳ ಮೊದಲೇ, ಸೈತಾನನ ದಂಡಿನ ಜೊತೆಗೆ ಎಂದು ತಿದ್ದುತ್ತಾನೆ. ತಪ್ಪಾದ ಕಥೆಗೆ ಅಷ್ಟು ಸಾಲು ಏಕೆ ಕೊಟ್ಟ? ಇನ್ನೊಂದು, ಏದೆನ್ ತೋಟದ ವರ್ಣನೆ. ಹೂ ಕೊಯ್ಯುತ್ತಿದ್ದ ಪ್ರಾಸರ್ಪೈನ್‌ಳನ್ನು ಪಾತಾಳದ ಅರಸ ಎತ್ತಿಕೊಂಡು ಹೋದ ಎನ್ನಾದ ಬಯಲು, ಮಗಳಿಗಾಗಿ ತಾಯಿ ಸೀರಿಸ್ ಲೋಕವೆಲ್ಲ ಅಲೆದ ದುಃಖ, ಎಲ್ಲವನ್ನೂ ನೆನೆಸಿ, ಅದ್ಯಾವುದೂ ಏದೆನ್‌ಗೆ ಸಾಟಿಯಲ್ಲ ಎನ್ನುತ್ತಾನೆ. ಸಾಟಿಯಲ್ಲ ಎನ್ನುತ್ತಲೇ ಏದೆನ್‌ನ ಚೆಲುವನ್ನೂ, ಹವ್ವಳಿಗೆ ಬರಲಿರುವ ಕೇಡನ್ನೂ ಓದುಗನಿಗೆ ಮುಟ್ಟಿಸುವುದು ಆ ಗ್ರೀಕ್ ಹುಡುಗಿಯ ಮೂಲಕವೇ.

1671ರಲ್ಲಿ ಮಿಲ್ಟನ್ ಎರಡು ಕೃತಿಗಳನ್ನು ಒಂದೇ ಸಂಪುಟದಲ್ಲಿ ತಂದ. ‘ಪ್ಯಾರಡೈಸ್ ರೀಗೇನ್ಡ್’ನಲ್ಲಿ ಸೈತಾನ ಯೇಸುವಿಗೆ ಅಥೆನ್ಸಿನ ಜ್ಞಾನವನ್ನೆಲ್ಲ ಆಮಿಷವಾಗಿ ಒಡ್ಡುತ್ತಾನೆ. ಯೇಸು ಅದನ್ನು ನಿರಾಕರಿಸಿ, ಹೀಬ್ರೂ ಕೀರ್ತನೆಗಳೇ ಮಿಗಿಲು ಎನ್ನುತ್ತಾನೆ. ಅದೇ ಸಂಪುಟದ ಇನ್ನೊಂದು ಕೃತಿ ‘ಸ್ಯಾಮ್ಸನ್ ಅಗೊನಿಸ್ಟೀಸ್’. ಕಣ್ಣು ಕೀಳಿಸಿಕೊಂಡು ಗಾಜಾದ ಸೆರೆಯಲ್ಲಿ ಬೀಸುವ ಕಲ್ಲು ತಿರುಗಿಸುವ ಬೈಬಲ್ಲಿನ ಸಂಸೋನನ ಕಥೆ. ರೂಪ ಮಾತ್ರ ಶುದ್ಧ ಗ್ರೀಕ್ ದುರಂತ ನಾಟಕದ್ದು: ಮೇಳವಿದೆ, ಸಾವಿನ ಸುದ್ದಿ ತರುವ ದೂತನಿದ್ದಾನೆ. ಒಂದೇ ರಟ್ಟಿನೊಳಗೆ ಅಥೆನ್ಸನ್ನು ತಳ್ಳಿದ್ದೂ ಇದೆ, ಅಪ್ಪಿದ್ದೂ ಇದೆ.

ಮುಂದಿನ ಶತಮಾನಗಳಲ್ಲಿ ನಂಬಿಕೆಯ ಹಿಡಿತ ಸಡಿಲವಾದರೂ ಈ ಜೋಡಿ ಬಿಡಲಿಲ್ಲ. ಗಯಟೆಯ ‘ಫೌಸ್ಟ್’ ತೆರೆಯುವುದು ಯೋಬನ ಗ್ರಂಥದಂತೆ, ಒಬ್ಬ ಮನುಷ್ಯನ ಬಗ್ಗೆ ದೇವರಿಗೂ ಪಿಶಾಚಿಗೂ ಪಂಥ ಬೀಳುವುದರಿಂದ; ಎರಡನೆಯ ಭಾಗದಲ್ಲಿ ಫೌಸ್ಟ್ ಕೈಹಿಡಿಯುವುದು ಟ್ರಾಯ್‌ನ ಹೆಲೆನಳನ್ನು. ಮೆಲ್ವಿಲ್‌ನ ‘ಮೋಬಿ ಡಿಕ್’ನಲ್ಲಿ ಕಥೆ ಹೇಳುವವನು ಇಷ್ಮಾಯೇಲ, ಕಪ್ತಾನ ಆಹಾಬ, ಹಡಗು ಹತ್ತುವ ಮೊದಲು ಕೇಳುವುದು ಮೀನಿನ ಹೊಟ್ಟೆ ಸೇರಿದ ಯೋನನ ಮೇಲಿನ ಪ್ರವಚನ. ಜೇಮ್ಸ್ ಜಾಯ್ಸ್ 1922ರಲ್ಲಿ ‘ಯುಲಿಸಿಸ್’ ತಂದಾಗ, ಡಬ್ಲಿನ್ನಿನ ಬೀದಿಗಳಲ್ಲಿ ಒಂದು ದಿನ ಅಲೆಯುವ ತನ್ನ ಒಡಿಸ್ಯೂಸನನ್ನು ಯೆಹೂದಿ ತಂದೆಯ ಮಗನನ್ನಾಗಿ ಮಾಡಿದ. ಅಬ್ರಹಾಮನ ವಂಶಸ್ಥನೊಬ್ಬ ಹೋಮರನ ದಾರಿಯಲ್ಲಿ ನಡೆದು ಮನೆ ಸೇರುತ್ತಾನೆ.

ಕನ್ನಡಕ್ಕೆ ಇವೆರಡೂ ಬೇರೆ ಬೇರೆ ಬಾಗಿಲಿನಿಂದ ಬಂದವು. ಬೈಬಲ್ ಬಂದದ್ದು ಮಿಷನರಿಗಳ ಜೊತೆಗೆ. 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಅದರ ಕನ್ನಡ ಅನುವಾದಕ್ಕೆ ವರ್ಷಗಟ್ಟಲೆ ದುಡಿದ. ಗ್ರೀಕ್ ಬಂದದ್ದು ಕಾಲೇಜಿನ ತರಗತಿಯಿಂದ. ಹೋಮರ್ ಮೌನವಾಗಿ ನಡೆಸಿದ ಅದೇ ಏಜಾಕ್ಸನ ಮೇಲೆ ಸೊಫೊಕ್ಲೀಸ್ ನಾಟಕ ಬರೆದಿದ್ದ. ಬಿ.ಎಂ. ಶ್ರೀಕಂಠಯ್ಯನವರು 1929ರಲ್ಲಿ ಅದನ್ನು ‘ಅಶ್ವತ್ಥಾಮನ್’ ಮಾಡಿದರು. ಅವಮಾನದಿಂದ ಬುದ್ಧಿ ಕಲಕಿ ತನ್ನ ಕೈಯಿಂದಲೇ ಸಾಯುವ ಗ್ರೀಕ್ ವೀರನ ಪಾಡನ್ನು ಚಿರಂಜೀವಿ ಎನಿಸಿದ ನಮ್ಮ ದ್ರೋಣಪುತ್ರನ ಮೇಲೆ ಹೊರಿಸಿದ ಆ ಸಾಹಸಕ್ಕೆ ಸಂಪ್ರದಾಯಸ್ಥರು ಬೆಚ್ಚಿದ್ದರೆ ಆಶ್ಚರ್ಯವಿಲ್ಲ. ಗೋವಿಂದ ಪೈಗಳು ‘ಗೊಲ್ಗೊಥಾ’ದಲ್ಲಿ ಕ್ರಿಸ್ತನ ಕೊನೆಯ ದಿನವನ್ನು ಕನ್ನಡ ಕಾವ್ಯವಾಗಿಸಿದರು. ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಆರಂಭದಲ್ಲಿ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ನರಿಗೆ ನಮಿಸಿ ಮುಂದೆ ಹೋಗುತ್ತಾರೆ. ಆ ಕಾವ್ಯದ ಉದ್ದನೆಯ ಮಹೋಪಮೆಗಳಲ್ಲಿ ಆ ಓದು ಕಾಣುತ್ತದೆ. ಡಾಂಟೆಗಿದ್ದ ಕಟ್ಟು ಇವರಿಗಿರಲಿಲ್ಲ. ವರ್ಜಿಲನನ್ನು ಹೊಸ್ತಿಲಲ್ಲಿ ಬಿಡುವ ಒತ್ತಾಯವಿಲ್ಲದ ಓದು ನಮ್ಮದು.

ಯಜಮಾನರ ಕೈಯಿಂದ ಇವೆರಡನ್ನೂ ಪಡೆದವರ ಮಾತು ಬೇರೆ. ಅಮೆರಿಕದ ಗುಲಾಮರು ಕೇಳಿಸಿಕೊಂಡ ಬೈಬಲ್ ಒಡೆಯರ ಬೈಬಲ್. ಅದರಿಂದ ಅವರು ತಮ್ಮ ಹಾಡುಗಳಿಗೆ ಆರಿಸಿಕೊಂಡದ್ದು ಐಗುಪ್ತದ ದಾಸ್ಯದಿಂದ ಜನರನ್ನು ಬಿಡಿಸಿ ತಂದ ಮೋಶೆಯನ್ನು. ಆ ಹಾಡುಗಳ ಮನೆಯಲ್ಲಿ ಬೆಳೆದ ಟೋನಿ ಮಾರಿಸನ್ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಗ್ರೀಕ್-ಲ್ಯಾಟಿನ್ ಸಾಹಿತ್ಯವನ್ನೂ ಓದಿದವರು. ಅವರ ಕಾದಂಬರಿಗಳಲ್ಲಿ ಊರಿನ ಹೆಂಗಸರು ಕೆಲವೊಮ್ಮೆ ಗ್ರೀಕ್ ಮೇಳದಂತೆ ಮಾತಾಡುತ್ತಾರೆ.

ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯ ದ್ವೀಪದ ಡೆರೆಕ್ ವಾಲ್ಕಾಟ್ 1990ರಲ್ಲಿ ‘ಓಮೆರೋಸ್’ ಬರೆದರು. ಅಲ್ಲಿ ಅಕೀಲ್, ಹೆಕ್ಟರ್ ಮೀನುಗಾರರು; ಹೆಲೆನ್ ಮನೆಗೆಲಸದವಳು. ಫಿಲಾಕ್ಟೀಟ್‌ನ ಕಾಲಿಗೆ ತುಕ್ಕು ಹಿಡಿದ ಲಂಗರು ಚುಚ್ಚಿ ಆದ ಹುಣ್ಣು ಮಾಯುವುದೇ ಇಲ್ಲ. ಆ ನೋವು ತನ್ನ ಅಜ್ಜಂದಿರ ಕಾಲಿನ ಸರಪಳಿಯಿಂದ ಬಂದದ್ದೆಂದು ಅವನ ನಂಬಿಕೆ. ಕಡೆಗೆ ವಾಸಿಮಾಡುವುದು ಆಫ್ರಿಕದಿಂದ ಬಂದ ಬೇರಿನ ಮದ್ದು ಬಲ್ಲ ಅಂಗಡಿಯ ಹೆಂಗಸು ಮಾ ಕಿಲ್ಮನ್. ಕೊನೆಯ ಭಾಗದಲ್ಲಿ ಕವಿಗೆ ಸಮುದ್ರತೀರದಲ್ಲಿ ಹೋಮರನೇ ಎದುರಾಗುತ್ತಾನೆ. ನಿನ್ನ ಕಾವ್ಯವನ್ನು ನಾನು ಕೊನೆಯವರೆಗೆ ಓದಿಲ್ಲ ಎಂದು ಕವಿ ಒಪ್ಪಿಕೊಳ್ಳುತ್ತಾನೆ. ಹೋಮರ್ ಮುನಿಯುವುದಿಲ್ಲ. ಗಂಧಕ ಕುದಿಯುವ ಸೂಫ್ರಿಯೇರ್‌ನ ಬುಗ್ಗೆಗಳ ಬಳಿ ಕರೆದೊಯ್ದು, ದ್ವೀಪದ ನೆಲವನ್ನು ಮಾರಿಕೊಂಡವರು ಅಲ್ಲಿ ಬೇಯುವುದನ್ನು ತೋರಿಸುತ್ತಾನೆ. ಕವಿಗಳೂ ಅಲ್ಲೊಂದು ಕುಳಿಯಲ್ಲಿದ್ದಾರೆ. ಅದರೊಳಗೆ ಜಾರತೊಡಗಿದ ವಾಲ್ಕಾಟರ ಕೈಹಿಡಿದು ಮೇಲೆಳೆಯುವವನು ಹೋಮರನೇ.